ಹೆಸರುಗಳ ವೈವಿಧ್ಯ ಅಳೆಯುವುದು ಹೇಗೆ? ಚಿಟ್ಟೆ ಎಣಿಸುವವರಿಂದ ಕಲಿಯಬೇಕಾದ ಲೆಕ್ಕ

ಎರಡು ಪಟ್ಟಿ ಇವೆ ಅಂದುಕೊಳ್ಳಿ. ಎರಡರಲ್ಲೂ ತಲಾ 100 ಜನ. ಮೊದಲನೇ ಪಟ್ಟಿಯಲ್ಲಿ ಇರುವುದು ಐದೇ ಹೆಸರು: ಅನ್ನಾ, ಸಾರಾ, ಮೀರಾ, ಲೀನಾ, ನೀನಾ. ಒಂದೊಂದು ಹೆಸರಿನವರು 20 ಜನ. ಎರಡನೇ ಪಟ್ಟಿಯಲ್ಲಿ ಹತ್ತು ಹೆಸರು. ಅನ್ನಾ 60 ಜನ, ಸಾರಾ 20, ಮೀರಾ 11. ಮತ್ತೆರಡು ಹೆಸರು ತಲಾ ಇಬ್ಬರಿಗಿವೆ. ಉಳಿದ ಐದು ಹೆಸರು ತಲಾ ಒಬ್ಬರಿಗೆ. ಯಾವ ಪಟ್ಟಿಯಲ್ಲಿ ಹೆಸರುಗಳ ವೈವಿಧ್ಯ ಜಾಸ್ತಿ?

ಐದಕ್ಕಿಂತ ಹತ್ತು ದೊಡ್ಡದು, ಹಾಗಾಗಿ ಎರಡನೆಯದು ಅಂತ ಥಟ್ಟನೆ ಹೇಳಿಬಿಡಬಹುದು. ಆದರೆ ಆ ಎರಡನೇ ಪಟ್ಟಿಯವರೆಲ್ಲ ಒಂದೇ ಕೋಣೆಯಲ್ಲಿ ಕೂತಿದ್ದಾರೆ ಅಂದುಕೊಳ್ಳಿ. 'ಅನ್ನಾ' ಎಂದು ಕೂಗಿದರೆ ಅರ್ಧಕ್ಕಿಂತ ಜಾಸ್ತಿ ಜನ ತಿರುಗಿ ನೋಡುತ್ತಾರೆ. ಮೊದಲ ಕೋಣೆಯಲ್ಲಿ ಕೂಗಿದರೆ ತಿರುಗುವವರು ಇಪ್ಪತ್ತೇ ಜನ. ಈಗ ಉತ್ತರ ಅಷ್ಟು ಸುಲಭ ಅನ್ನಿಸುವುದಿಲ್ಲ, ಅಲ್ವಾ?

ಇದೇ ತೊಡಕನ್ನು ಪರಿಸರ ವಿಜ್ಞಾನಿಗಳು ಬಹಳ ಹಿಂದೆಯೇ ಎದುರಿಸಿದ್ದರು. ಮಲಯದಲ್ಲಿ (ಈಗಿನ ಮಲೇಷ್ಯಾದ ಭಾಗ) ಚಿಟ್ಟೆ ಹಿಡಿಯುತ್ತಿದ್ದ ಕಾರ್ಬೆಟ್ ಎಂಬ ವಿಜ್ಞಾನಿಯ ಸಂಗ್ರಹದಲ್ಲಿ 118 ಪ್ರಭೇದಗಳ ಚಿಟ್ಟೆ ಒಂದೊಂದೇ ಸಿಕ್ಕಿದ್ದವು. 74 ಪ್ರಭೇದಗಳವು ಎರಡೆರಡು ಸಿಕ್ಕಿದ್ದವು. ಇನ್ನೂ ಸ್ವಲ್ಪ ಕಾಲ ಹುಡುಕಿದರೆ ಹೊಸವು ಎಷ್ಟು ಸಿಗಬಹುದು ಎಂಬುದು ಪ್ರಶ್ನೆ. ಅದಕ್ಕೆ ಲೆಕ್ಕ ಕಟ್ಟಿದವರು ಸಂಖ್ಯಾಶಾಸ್ತ್ರಜ್ಞ ಫಿಶರ್. 1943ರಲ್ಲಿ ಫಿಶರ್, ಕಾರ್ಬೆಟ್, ವಿಲಿಯಮ್ಸ್ ಮೂವರೂ ಸೇರಿ ಆ ಲೇಖನ ಪ್ರಕಟಿಸಿದರು. ಅಲ್ಲಿ 'ಪ್ರಭೇದ' ಎಂದಿರುವ ಕಡೆ 'ಹೆಸರು' ಅಂತ ಹಾಕಿ, 'ಚಿಟ್ಟೆ' ಎಂದಿರುವ ಕಡೆ 'ಮನುಷ್ಯ' ಅಂತ ಹಾಕಿ. ಲೆಕ್ಕ ಹಾಗೇ ನಡೆಯುತ್ತದೆ. ಹೆಸರುಗಳಲ್ಲೂ ನಾಲ್ಕಾರು ಹೆಸರು ತುಂಬ ಜನಕ್ಕೆ, ಲೆಕ್ಕವಿಲ್ಲದಷ್ಟು ಹೆಸರು ಒಬ್ಬೊಬ್ಬರಿಗೆ.

ನಿಮ್ಮ ಕೈಯಲ್ಲಿ ಒಂದು ಹೆಸರಿನ ಪಟ್ಟಿ ಇದ್ದರೆ, ಅದನ್ನು ಈ ಅಳತೆಗಳಿಂದ ಓದುವುದು ಹೇಗೆ ಅಂತ ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ. ಗಣಿತ ಕೂಡಿಸು, ಗುಣಿಸು, ಲಾಗ್ ಇಷ್ಟೇ. ಎಕ್ಸೆಲ್ ಸಾಕು.

ಹೆಜ್ಜೆ 1: ಯಾವ ಹೆಸರು, ಯಾರ ಹೆಸರು

ಮೊದಲು ತೀರ್ಮಾನ ಮಾಡಬೇಕಾದ್ದು, ನೀವು ಅಳೆಯುವುದು ಇಟ್ಟ ಹೆಸರನ್ನೋ ಮನೆತನದ ಹೆಸರನ್ನೋ ಎಂಬುದನ್ನು. ಎರಡೂ ಹೆಸರೇ. ಆದರೆ ಎರಡರ ಬಾಳು ಬೇರೆ. ಇಟ್ಟ ಹೆಸರನ್ನು ಯಾರೋ ಆರಿಸಿರುತ್ತಾರೆ. ಮನೆತನದ ಹೆಸರು ಹೆಚ್ಚಿನ ಕಡೆ ತಾನಾಗಿ ಬರುತ್ತದೆ. ಗಂಡು ಮಕ್ಕಳ ಮೂಲಕವೇ ಹೆಸರು ಇಳಿಯುವ ಕಡೆ, ಒಂದು ತಲೆಮಾರಿನಲ್ಲಿ ಗಂಡು ಮಗು ಹುಟ್ಟದಿದ್ದರೆ ಆ ಎಳೆ ಅಲ್ಲಿಗೇ ನಿಲ್ಲುತ್ತದೆ. 1874ರಲ್ಲಿ ಗಾಲ್ಟನ್ ಮತ್ತು ವ್ಯಾಟ್ಸನ್ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನೇ ಗಣಿತಕ್ಕೆ ಇಳಿಸಿದರು: ಮನೆತನದ ಹೆಸರೊಂದು ಅಳಿದುಹೋಗುವ ಸಾಧ್ಯತೆ ಎಷ್ಟು? ಇಟ್ಟ ಹೆಸರು ಹಾಗಲ್ಲ. ನೂರು ವರ್ಷ ಯಾರೂ ಇಡದೇ ಇದ್ದ ಹೆಸರನ್ನು ನಾಳೆ ಯಾರಾದರೂ ಮತ್ತೆ ಇಡಬಹುದು. ಅಳಿದ ಪ್ರಭೇದ ಹಾಗೆ ವಾಪಸ್ ಬರುವುದಿಲ್ಲ.

ಎರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಬೇಡಿ. ಗಂಡು ಮಕ್ಕಳ ಹೆಸರು, ಹೆಣ್ಣು ಮಕ್ಕಳ ಹೆಸರುಗಳನ್ನೂ ಬೇರೆ ಬೇರೆ ಎಣಿಸಿ, ಆಮೇಲೆ ಬೇಕಿದ್ದರೆ ಸೇರಿಸಿ. ಕಾರಣವನ್ನು ಐದನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಆಮೇಲೆ ಎಲ್ಲೆ ಹಾಕಿಕೊಳ್ಳಿ. ಯಾವ ವರ್ಷ ಹುಟ್ಟಿದವರು? ಎಲ್ಲಿಯವರು? ಕಾಡಿನಲ್ಲಿ ಗಿಡ ಎಣಿಸುವವರು ನೆಲದ ಮೇಲೆ ಹಗ್ಗ ಕಟ್ಟಿ ಚೌಕ ಮಾಡಿಕೊಳ್ಳುತ್ತಾರೆ. ನಿಮ್ಮ ಚೌಕವೂ ಅಷ್ಟೇ ಸ್ಪಷ್ಟವಾಗಿರಬೇಕು. ಈಗ ಬದುಕಿರುವವರ ಪಟ್ಟಿಯಲ್ಲಿ ಎಂಬತ್ತು ವರ್ಷದ ಫ್ಯಾಷನ್‌ಗಳು ಒಂದರ ಮೇಲೊಂದು ಕೂತಿರುತ್ತವೆ. ಒಂದೇ ವರ್ಷದಲ್ಲಿ ಹುಟ್ಟಿದವರ ಪಟ್ಟಿ ಹಾಗಿರುವುದಿಲ್ಲ. ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವಿಲ್ಲ.

ಹೆಜ್ಜೆ 2: ಒಂದು ಹೆಸರು ಅಂದರೆ ಏನು

ಅತಿ ಹೆಚ್ಚು ಸಮಯ ಹಿಡಿಯುವ ಹೆಜ್ಜೆ ಇದು. ಎಲ್ಲರೂ ಓಡೋಡಿ ದಾಟುವ ಹೆಜ್ಜೆಯೂ ಇದೇ.

ಬ್ರಿಟನ್ನಿನ ಅಧಿಕೃತ ಅಂಕಿಅಂಶಗಳಲ್ಲಿ ಮೊಹಮ್ಮದ್ ಎಂಬ ಹೆಸರಿನ ಒಂದೊಂದು ಕಾಗುಣಿತವನ್ನೂ ಬೇರೆ ಹೆಸರಾಗಿಯೇ ಎಣಿಸುತ್ತಾರೆ. ಎಲ್ಲವನ್ನೂ ಕೂಡಿಸಿದರೆ ಅದರ ಎಣಿಕೆ ಇನ್ನೂ ಹೆಚ್ಚುತ್ತದೆ. ಕ್ಯಾಥರೀನ್ ಎಂಬ ಹೆಸರನ್ನು ಸಿ ಅಕ್ಷರದಿಂದಲೂ ಬರೆಯುತ್ತಾರೆ, ಕೆ ಅಕ್ಷರದಿಂದಲೂ ಬರೆಯುತ್ತಾರೆ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ. ಹಾಗಾದರೆ ಅವು ಒಂದು ಹೆಸರೋ ಎರಡೋ?

ಜೀವಿಗಳನ್ನು ವರ್ಗೀಕರಿಸುವವರಲ್ಲೂ ಈ ಜಗಳ ಹಳೆಯದು. ಸಣ್ಣ ವ್ಯತ್ಯಾಸ ಕಂಡರೂ ಹೊಸ ಪ್ರಭೇದ ಮಾಡುವವರು ಒಂದು ಕಡೆ. ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವವರು ಇನ್ನೊಂದು ಕಡೆ. ಸರಿ ಉತ್ತರ ನಿಮ್ಮ ಪ್ರಶ್ನೆಯ ಮೇಲೆ ನಿಂತಿದೆ. 'ಜನ ತಮ್ಮ ಮಗುವಿನ ಹೆಸರು ಎಲ್ಲರಂತೆ ಇರಬಾರದು ಅಂತ ಬಯಸುತ್ತಾರಾ' ಎಂಬುದು ಪ್ರಶ್ನೆಯಾದರೆ ಕಾಗುಣಿತ ಮುಖ್ಯ, ಬೇರೆ ಬೇರೆ ಇಡಿ. 'ಕೂಗಿದರೆ ಎಷ್ಟು ಜನ ತಿರುಗುತ್ತಾರೆ' ಎಂಬುದು ಪ್ರಶ್ನೆಯಾದರೆ ಉಚ್ಚಾರ ಮುಖ್ಯ, ಸೇರಿಸಿ. ನನ್ನ ಸಲಹೆ ಇಷ್ಟು: ಎರಡು ಕಾಲಂ ಇಟ್ಟುಕೊಳ್ಳಿ. ಒಂದರಲ್ಲಿ ಪಟ್ಟಿಯಲ್ಲಿ ಇದ್ದ ಹಾಗೇ ಹೆಸರು, ಇನ್ನೊಂದರಲ್ಲಿ ನೀವು ಒಟ್ಟುಗೂಡಿಸಿದ ಹೆಸರು. ಎರಡಕ್ಕೂ ಲೆಕ್ಕ ಹಾಕಿ. ಎರಡೂ ಉತ್ತರ ಒಂದೇ ದಿಕ್ಕಿಗೆ ಹೋದರೆ ನೆಮ್ಮದಿ. ಬೇರೆ ದಿಕ್ಕಿಗೆ ಹೋದರೆ ಅದನ್ನೇ ಓದುಗರಿಗೆ ಹೇಳಿ.

ಇನ್ನು ಸುಮ್ನೆ ಆಗುವ ತಪ್ಪುಗಳು. ಹೆಸರಿನ ಕೊನೆಯಲ್ಲಿ ಉಳಿದ ಖಾಲಿ ಜಾಗ, ಇನಿಶಿಯಲ್, ಚುಕ್ಕಿ, ಮುದ್ದು ಹೆಸರು, ಬೆರಳಚ್ಚಿನ ತಪ್ಪು. ಕನ್ನಡದಲ್ಲಿ ಟೈಪ್ ಮಾಡಿದ ಪಟ್ಟಿಯಾದರೆ ಕಣ್ಣಿಗೆ ಕಾಣದ ಜೋಡಕ ಅಕ್ಷರಗಳ ಕಾಟವೂ ಇದೆ. ಓದಲು ಒಂದೇ ಥರ ಇರುವ ಎರಡು ಪದ ಕಂಪ್ಯೂಟರ್‌ಗೆ ಎರಡಾಗಿ ಕಾಣುತ್ತವೆ. ಅದಕ್ಕೆ ಮೊದಲು ಯೂನಿಕೋಡ್ ಏಕರೂಪಕ್ಕೆ ತಂದು, ಶೂನ್ಯ ಅಗಲದ ಅಕ್ಷರಗಳನ್ನು ತೆಗೆಯಿರಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಪ್ರತಿ ಬೆರಳಚ್ಚಿನ ತಪ್ಪೂ ಒಂದೇ ಒಂದು ಸಲ ಬರುವ 'ಅಪರೂಪದ ಹೆಸರು' ಆಗಿ ಪಟ್ಟಿಯಲ್ಲಿ ಕೂರುತ್ತದೆ. ಮುಂದೆ ಬರುವ ಅಂದಾಜುಗಳಲ್ಲಿ ಕೆಲವು ಈ ಒಂಟಿ ಹೆಸರುಗಳ ಮೇಲೇ ನಿಂತಿವೆ. ನೂರು ತಪ್ಪು ಕಾಗುಣಿತ ಉಳಿದರೆ ನೀವು ಅಳೆಯುವುದು ಹೆಸರುಗಳ ವೈವಿಧ್ಯವಲ್ಲ, ಗುಮಾಸ್ತರ ಅವಸರ.

ಹೆಜ್ಜೆ 3: ಪಟ್ಟಿಯಲ್ಲಿ ಇಲ್ಲದವರು ಯಾರು

ಅಮೆರಿಕದ ಸಾಮಾಜಿಕ ಭದ್ರತಾ ಇಲಾಖೆ 1880ರಿಂದ ಈಚೆಗೆ ಹುಟ್ಟಿದವರ ಹೆಸರುಗಳನ್ನು ವರ್ಷವಾರು ಪ್ರಕಟಿಸಿದೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಕಲಿಯಲು ಇದಕ್ಕಿಂತ ಒಳ್ಳೆಯ ದತ್ತಾಂಶ ಸಿಗುವುದು ಕಷ್ಟ. ಆದರೆ ಅದರಲ್ಲಿ ಎರಡು ತೂತು ಇವೆ.

ಒಂದು, ಯಾವುದೇ ವರ್ಷ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಅವರು ಬಿಟ್ಟುಬಿಡುತ್ತಾರೆ. ಖಾಸಗಿತನ ಕಾಪಾಡಲು ಇದು ಸರಿಯಾದ ಕ್ರಮ. ಆದರೆ ಒಂಟಿ ಹೆಸರುಗಳೆಲ್ಲ ಮಾಯ ಅಂತಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಪಟ್ಟಿಯಲ್ಲಿ ಈ ಗೆರೆ ಮೂರಕ್ಕೆ ಇದೆ. ಹಾಗಾಗಿ ಈ ಎರಡು ಪಟ್ಟಿಗಳ ಒಟ್ಟು ಹೆಸರುಗಳ ಸಂಖ್ಯೆಯನ್ನು ನೇರವಾಗಿ ಹೋಲಿಸಲೇಬಾರದು.

ಎರಡು, ಆ ಇಲಾಖೆ ಶುರುವಾದದ್ದೇ 1930ರ ದಶಕದಲ್ಲಿ. 1937ಕ್ಕೆ ಮೊದಲು ಹುಟ್ಟಿದ ಬಹಳ ಜನ ಸಾಮಾಜಿಕ ಭದ್ರತಾ ಕಾರ್ಡಿಗೆ ಅರ್ಜಿಯನ್ನೇ ಹಾಕಲಿಲ್ಲ. ಅಂಥವರ ಹೆಸರು ಅದರಲ್ಲಿ ಇಲ್ಲ. 1880ರ ಸಾಲು ಅಂದರೆ ಆ ವರ್ಷ ಹುಟ್ಟಿದವರೆಲ್ಲ ಅಲ್ಲ, ಅವರಲ್ಲಿ ಮುಂದೆ ಬದುಕಿದ್ದು ಅರ್ಜಿ ಹಾಕಿದವರು ಮಾತ್ರ.

ನಿಮ್ಮ ಪಟ್ಟಿಗೂ ಇದೇ ಪ್ರಶ್ನೆ ಕೇಳಿ. ಯಾರನ್ನು ಸೇರಿಸಿಲ್ಲ? ಯಾವ ಗೆರೆಯ ಕೆಳಗೆ ಕತ್ತರಿಸಿದ್ದಾರೆ? ಉತ್ತರವನ್ನು ಬರೆದಿಟ್ಟುಕೊಳ್ಳಿ. ಯಾವ ಅಳತೆ ಬಳಸಬಹುದು ಎಂಬುದನ್ನು ಅದೇ ತೀರ್ಮಾನಿಸುತ್ತದೆ.

ಹೆಜ್ಜೆ 4: ಎಣಿಸಿ, ಚಿತ್ರ ಬರೆಯಿರಿ

ಎಕ್ಸೆಲ್‌ನಲ್ಲಿ ಪಿವೊಟ್ ಟೇಬಲ್ ಹಾಕಿದರೆ ಹೆಸರು ಮತ್ತು ಎಣಿಕೆ ಬರುತ್ತದೆ. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಅಡ್ಡಗೆರೆಯಲ್ಲಿ ಸ್ಥಾನ, ಅಂದರೆ ಒಂದನೆಯದು, ಎರಡನೆಯದು, ಹೀಗೆ. ಲಂಬಗೆರೆಯಲ್ಲಿ ಎಣಿಕೆ, ಲಾಗ್ ಅಳತೆಯಲ್ಲಿ. ಗೆರೆ ಕಡಿದಾಗಿ ಕೆಳಗೆ ಬಿದ್ದರೆ ಕೆಲವೇ ಹೆಸರುಗಳ ಆಳ್ವಿಕೆ. ನಿಧಾನವಾಗಿ ಇಳಿದರೆ ಹಂಚಿಕೆ ಸಮ. ಬಲಗಡೆ ಉದ್ದ ಬಾಲ ಇದ್ದರೆ ಒಂಟಿ ಹೆಸರುಗಳ ರಾಶಿ ಇದೆ ಅಂತ ಅರ್ಥ.

ಯಾವ ಸೂತ್ರಕ್ಕೂ ಮೊದಲು ಈ ಚಿತ್ರವನ್ನು ನೋಡಿ. ಎರಡನೇ ಹೆಜ್ಜೆಯಲ್ಲಿ ಉಳಿದ ತಪ್ಪುಗಳು ಬಾಲದಲ್ಲಿ ಕಣ್ಣಿಗೆ ಬೀಳುತ್ತವೆ.

ಹೆಜ್ಜೆ 5: ಮೂರು ಸಂಖ್ಯೆ

ಈಗ ಮುಖ್ಯ ಕೆಲಸ. ಒಂದು ಪಟ್ಟಿಗೆ ಒಂದೇ ಸಂಖ್ಯೆ ಕೊಡಬೇಡಿ. ಮೂರು ಕೊಡಿ.

ಮೊದಲ ಸಂಖ್ಯೆ, ಒಟ್ಟು ಎಷ್ಟು ಬೇರೆ ಬೇರೆ ಹೆಸರು ಎಂಬುದು. ನಮ್ಮ ಮೊದಲ ಪಟ್ಟಿಗೆ 5, ಎರಡನೆಯದಕ್ಕೆ 10.

ಮೂರನೆಯದನ್ನು ಎರಡನೆಯದಕ್ಕಿಂತ ಮೊದಲು ಹೇಳುತ್ತೇನೆ, ಯಾಕೆಂದರೆ ಅದು ಸುಲಭ. 1949ರಲ್ಲಿ ಸಿಂಪ್ಸನ್ ಕೊಟ್ಟ ಅಳತೆ ಇದು. ಪಟ್ಟಿಯಿಂದ ಕಣ್ಣು ಮುಚ್ಚಿ ಇಬ್ಬರನ್ನು ಆರಿಸಿ. ಇಬ್ಬರ ಹೆಸರೂ ಒಂದೇ ಆಗಿರುವ ಸಾಧ್ಯತೆ ಎಷ್ಟು? ಪ್ರತಿ ಹೆಸರಿನ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲವನ್ನೂ ಕೂಡಿಸಿ. ಮೊದಲ ಪಟ್ಟಿಯಲ್ಲಿ ಪ್ರತಿ ಹೆಸರಿನ ಪಾಲು 0.2. ಅದರ ವರ್ಗ 0.04. ಐದು ಸಲ ಕೂಡಿಸಿದರೆ 0.2. ಎರಡನೇ ಪಟ್ಟಿಯಲ್ಲಿ ಅನ್ನಾ ಒಂದಕ್ಕೇ 0.36. ಸಾರಾ 0.04, ಮೀರಾ 0.0121. ಉಳಿದ ಏಳೂ ಹೆಸರು ಸೇರಿ ಬರೀ 0.0013. ಒಟ್ಟು 0.4134. ಅಂದರೆ ನೂರಕ್ಕೆ 41 ಸಲ ಇಬ್ಬರಿಗೂ ಒಂದೇ ಹೆಸರು.

ಇದನ್ನು ತಲೆಕೆಳಗು ಮಾಡಿ. 1ನ್ನು 0.2ರಿಂದ ಭಾಗಿಸಿದರೆ 5. 1ನ್ನು 0.4134ರಿಂದ ಭಾಗಿಸಿದರೆ ಸುಮಾರು 2.4. ಇದರ ಅರ್ಥ ಏನು? ಎರಡನೇ ಪಟ್ಟಿಯಲ್ಲಿ ಹತ್ತು ಹೆಸರು ಇದ್ದರೂ, ಸರಿಸಮವಾಗಿ ಹಂಚಿದ ಎರಡೂವರೆ ಹೆಸರು ಮಾತ್ರ ಇದ್ದಿದ್ದರೆ ಎಷ್ಟು ವೈವಿಧ್ಯ ಇರುತ್ತಿತ್ತೋ ಅಷ್ಟೇ ಇದೆ. ಇದನ್ನು ನಾನು 'ಸಮಬಲ ಸಂಖ್ಯೆ' ಅನ್ನುತ್ತೇನೆ. (ಪಟ್ಟಿ ತುಂಬ ಚಿಕ್ಕದಾದರೆ ಆರಿಸಿದ ಮೊದಲನೆಯವರನ್ನು ವಾಪಸ್ ಹಾಕದೆ ಲೆಕ್ಕ ಮಾಡಬೇಕು. ಆಗ 0.4134ರ ಬದಲು 0.4075 ಬರುತ್ತದೆ. ಸಾವಿರಗಟ್ಟಲೆ ಜನರ ಪಟ್ಟಿಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.)

ಎರಡನೇ ಸಂಖ್ಯೆಗೆ ಮೂಲ 1948ರಲ್ಲಿ ಶ್ಯಾನನ್ ಕೊಟ್ಟ ಎಂಟ್ರೊಪಿ, ಅಂದರೆ ಮುಂದೆ ಯಾವುದು ಬರುತ್ತದೆ ಅಂತ ಊಹಿಸುವುದು ಎಷ್ಟು ಕಷ್ಟ ಎಂಬುದರ ಅಳತೆ. ಟೆಲಿಫೋನ್, ಟೆಲಿಗ್ರಾಫ್ ಸಂದೇಶಗಳಿಗಾಗಿ ಕಟ್ಟಿದ ಲೆಕ್ಕ ಅದು. ಪ್ರತಿ ಹೆಸರಿನ ಪಾಲನ್ನು ಅದೇ ಪಾಲಿನ ಲಾಗ್‌ನಿಂದ ಗುಣಿಸಿ, ಕೂಡಿಸಿ, ಮುಂದಿನ ಕಳೆಯುವ ಚಿಹ್ನೆ ತೆಗೆಯಿರಿ. ಎಕ್ಸೆಲ್‌ನಲ್ಲಿ ಎಲ್‌ಎನ್ ಎಂಬ ಸೂತ್ರ ಬಳಸಿ. ಎರಡನೇ ಪಟ್ಟಿಗೆ 1.258 ಬರುತ್ತದೆ. ಇಲ್ಲಿಗೇ ನಿಲ್ಲಿಸಬೇಡಿ, ಲಾಗ್ ಅನ್ನು ಮತ್ತೆ ಬಿಡಿಸಬೇಕು. ಇದಕ್ಕೆ ಇಎಕ್ಸ್‌ಪಿ ಸೂತ್ರ ಹಾಕಿ. 3.5 ಬರುತ್ತದೆ. ಇದೂ ಒಂದು ಸಮಬಲ ಸಂಖ್ಯೆ. ಮೊದಲ ಪಟ್ಟಿಗೆ ಇಲ್ಲೂ 5.

ಹೀಗೆ ಮೊದಲ ಪಟ್ಟಿ 5, 5, 5. ಎರಡನೇ ಪಟ್ಟಿ 10, 3.5, 2.4.

1973ರಲ್ಲಿ ಹಿಲ್ ಎಂಬ ವಿಜ್ಞಾನಿ ಈ ಮೂರೂ ಒಂದೇ ಸೂತ್ರದ ಮೂರು ಮುಖ ಅಂತ ತೋರಿಸಿದರು. ಹಾಗಾಗಿ ಇವನ್ನು ಹಿಲ್ ಸಂಖ್ಯೆಗಳು ಅನ್ನುತ್ತಾರೆ. ಆ ಸೂತ್ರದಲ್ಲಿ ಕ್ಯೂ ಎಂಬ ಒಂದು ತಿರುಪು ಇದೆ. ಅದನ್ನು 0ಗೆ ಇಟ್ಟರೆ ಪ್ರತಿ ಹೆಸರಿಗೂ ಒಂದೊಂದು ಓಟು. 1ಕ್ಕೆ ಇಟ್ಟರೆ ಪ್ರತಿ ಮನುಷ್ಯನಿಗೂ ಒಂದೊಂದು ಓಟು. 2ಕ್ಕೆ ಇಟ್ಟರೆ ತುಂಬ ಬಳಕೆಯ ಹೆಸರುಗಳದ್ದೇ ಮೇಲುಗೈ. ಅಲ್ಲಿಂದಲೂ ಮೇಲೆ ತಿರುಗಿಸುತ್ತಾ ಹೋದರೆ ಕೊನೆಗೆ ಮೊದಲ ಸ್ಥಾನದ ಹೆಸರೊಂದೇ ಉಳಿಯುತ್ತದೆ.

ನಾವು ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. 'ಯಾವ ಪಟ್ಟಿಯಲ್ಲಿ ವೈವಿಧ್ಯ ಜಾಸ್ತಿ' ಎಂಬ ಪ್ರಶ್ನೆ ಪೂರ್ತಿಯಲ್ಲ. ಅಪರೂಪದ ಹೆಸರಿಗೆ ಎಷ್ಟು ಬೆಲೆ ಕೊಡುತ್ತೀರಿ ಎಂಬುದನ್ನೂ ಸೇರಿಸಿದ ಮೇಲೇ ಅದು ಪೂರ್ತಿ ಪ್ರಶ್ನೆ. ತಿರುಪು 0ಯಲ್ಲಿ ಎರಡನೇ ಪಟ್ಟಿ ಮುಂದೆ, 1 ಮತ್ತು 2ರಲ್ಲಿ ಮೊದಲ ಪಟ್ಟಿ ಮುಂದೆ. ಹೀಗೆ ತಿರುಪು ತಿರುಗಿದಂತೆ ಮುಂದಿರುವ ಪಟ್ಟಿ ಬದಲಾದಾಗ ಒಂದೇ ಸಂಖ್ಯೆ ಹಿಡಿದು ಮಾತಾಡುವವರು, ತಮಗೆ ಗೊತ್ತಿಲ್ಲದೆಯೇ ಒಂದು ಪಕ್ಷ ವಹಿಸಿರುತ್ತಾರೆ.

ನಿಜ ಜೀವನದ ಒಂದು ಉದಾಹರಣೆ ನೋಡಿ. ದಕ್ಷಿಣ ಕೊರಿಯಾದ 2015ರ ಜನಗಣತಿಯ ಪ್ರಕಾರ ಅಲ್ಲಿ 5 ಸಾವಿರಕ್ಕೂ ಹೆಚ್ಚು ಮನೆತನದ ಹೆಸರುಗಳಿವೆ. ಅದರಲ್ಲಿ ಕಿಮ್ ಶೇ 21.5, ಲೀ ಶೇ 14.7, ಪಾರ್ಕ್ ಶೇ 8.4. ಈ ಮೂರರ ವರ್ಗಗಳನ್ನು ಕೂಡಿಸಿದರೇ 0.075 ಹತ್ತಿರ ಬರುತ್ತದೆ. ಉಳಿದವುಗಳು ಹೇಗೇ ಹಂಚಿರಲಿ, ಸಿಂಪ್ಸನ್ ಲೆಕ್ಕದ ಸಮಬಲ ಸಂಖ್ಯೆ 13ರ ಆಸುಪಾಸು ದಾಟಲು ಸಾಧ್ಯವೇ ಇಲ್ಲ. ಐದು ಸಾವಿರ ಒಂದು ಕಡೆ, ಹದಿಮೂರು ಒಂದು ಕಡೆ. ಎರಡೂ ನಿಜ!

ಇನ್ನೊಂದು ಮಾತು. ಶ್ಯಾನನ್ 1.258 ಎಂಬುದನ್ನು ಹಾಗೇ ಬರೆದು ಬಿಡುವುದು ಬಹಳ ಕಡೆ ರೂಢಿ. ಯಾಕೆ ಬೇಡ ಅನ್ನುತ್ತೇನೆ ಅಂದರೆ, ಆ ಸಂಖ್ಯೆ ನಾವು ಅಂದುಕೊಂಡ ಹಾಗೆ ಬೆಳೆಯುವುದಿಲ್ಲ. ಒಂದೂ ಹೆಸರು ಹಂಚಿಕೊಳ್ಳದ, ಆದರೆ ಒಂದೇ ಅಳತೆಯ ಮತ್ತು ಒಂದೇ ರೀತಿ ಹಂಚಿರುವ ಎರಡು ಪಟ್ಟಿ ಕೂಡಿಸಿದರೆ ವೈವಿಧ್ಯ ಎರಡರಷ್ಟಾಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಹಿಲ್ ಸಂಖ್ಯೆ ಸರಿಯಾಗಿ ಎರಡರಷ್ಟಾಗುತ್ತದೆ. ಎಂಟ್ರೊಪಿ ಪ್ರತಿ ಸಲವೂ ಬರೀ 0.69 ಏರುತ್ತದೆ. ಇದನ್ನು 2006ರಲ್ಲಿ ಜೋಸ್ಟ್ ಬಹಳ ಚೆನ್ನಾಗಿ ಬಿಡಿಸಿ ಹೇಳಿದರು. ಗಂಡು, ಹೆಣ್ಣು ಮಕ್ಕಳ ಹೆಸರನ್ನು ಬೇರೆ ಇಡಿ ಅಂದದ್ದೂ ಇದಕ್ಕೇ. ಎರಡು ಪಟ್ಟಿಗಳ ನಡುವೆ ಹೆಸರು ಅಷ್ಟಾಗಿ ಹಂಚಿಕೆಯಾಗದ ಕಡೆ, ಸೇರಿಸಿದ ತಕ್ಷಣ ಸಂಖ್ಯೆ ಎರಡರಷ್ಟಕ್ಕೆ ಹಾರುತ್ತದೆ. ಅದನ್ನು ನೋಡಿ ವೈವಿಧ್ಯ ಬೆಳೆಯಿತು ಅಂತ ಮೋಸ ಹೋಗಬಾರದು.

ಹೆಜ್ಜೆ 6: ಪಟ್ಟಿಗಳ ಗಾತ್ರ ಬೇರೆಯಾದಾಗ

ಇಲ್ಲಿ ನಾನೇ ಎಡವಿದ್ದೇನೆ. ಮೊದಲ ಸಲ ಎರಡು ಪಟ್ಟಿ ಹೋಲಿಸಿದಾಗ ಒಂದು ಇನ್ನೊಂದರ ಹಲವು ಪಟ್ಟು ದೊಡ್ಡದಿತ್ತು. ದೊಡ್ಡದರಲ್ಲಿ ಬೇರೆ ಬೇರೆ ಹೆಸರು ಜಾಸ್ತಿ ಕಂಡವು. ಅದಕ್ಕೆ ಕಾರಣಗಳನ್ನೂ ಹುಡುಕಿ ಪುಟಗಟ್ಟಲೆ ಬರೆದೆ. ಆಮೇಲೆ ದೊಡ್ಡ ಪಟ್ಟಿಯಿಂದ ಚಿಕ್ಕದರಷ್ಟೇ ಜನರನ್ನು ಚೀಟಿ ಎತ್ತಿದ ಹಾಗೆ ಆರಿಸಿ ಎಣಿಸಿದೆ. ವ್ಯತ್ಯಾಸ ಹೆಚ್ಚುಕಡಿಮೆ ಮಾಯವಾಯಿತು. ನಾನು ವಿವರಿಸುತ್ತಿದ್ದದ್ದು ಜನರ ಅಭಿರುಚಿಯನ್ನಲ್ಲ, ಪಟ್ಟಿಯ ಉದ್ದವನ್ನು. ಆ ಪುಟಗಳನ್ನೆಲ್ಲ ತೆಗೆದುಹಾಕಬೇಕಾಯಿತು. ಅಂದಿನಿಂದ ಈ ಹೆಜ್ಜೆಯನ್ನು ಒಮ್ಮೆಯೂ ಬಿಟ್ಟಿಲ್ಲ.

ಚೀಟಿ ಎತ್ತುವ ಈ ವಿಧಾನವನ್ನು ರೇರಿಫ್ಯಾಕ್ಷನ್ ಅನ್ನುತ್ತಾರೆ. 1968ರಲ್ಲಿ ಸ್ಯಾಂಡರ್ಸ್ ಸಮುದ್ರದ ತಳದ ಜೀವಿಗಳಿಗಾಗಿ ಇದನ್ನು ತಂದರು. 1971ರಲ್ಲಿ ಹರ್ಲ್‌ಬರ್ಟ್ ಅದರ ಸೂತ್ರವನ್ನು ಸರಿಪಡಿಸಿದರು. ಸೂತ್ರ ಬೇಡ ಅನ್ನಿಸಿದರೆ ಕೈಯಿಂದಲೇ ಮಾಡಬಹುದು. ದೊಡ್ಡ ಪಟ್ಟಿಯಿಂದ ಚಿಕ್ಕದರಷ್ಟೇ ಜನರನ್ನು ಯಾದೃಚ್ಛಿಕವಾಗಿ ಆರಿಸಿ, ಹೆಸರು ಎಣಿಸಿ. ಸಾವಿರ ಸಲ ಮಾಡಿ ಸರಾಸರಿ ತೆಗೆಯಿರಿ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗುವ ಪ್ರಶ್ನೆ: ನನ್ನ ಪಟ್ಟಿ ಎಷ್ಟು ಪೂರ್ಣ? ಇದಕ್ಕೊಂದು ಚೆಂದದ ಲೆಕ್ಕ ಇದೆ. ಅದು ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದ ಗುಪ್ತಲಿಪಿ ಒಡೆಯುವ ಕೆಲಸದಲ್ಲಿ. ಯೋಚನೆ ಅಲನ್ ಟ್ಯೂರಿಂಗ್ ಅವರದ್ದು, 1953ರಲ್ಲಿ ಪ್ರಕಟಿಸಿದವರು ಅವರ ಜೊತೆಗಿದ್ದ ಗುಡ್. ಒಂಟಿ ಹೆಸರುಗಳ ಸಂಖ್ಯೆಯನ್ನು ಒಟ್ಟು ಜನರ ಸಂಖ್ಯೆಯಿಂದ ಭಾಗಿಸಿ. ಮುಂದೆ ಸಿಗುವ ವ್ಯಕ್ತಿಯ ಹೆಸರು ಪೂರ್ತಿ ಹೊಸದಾಗಿರುವ ಸಾಧ್ಯತೆ ಹೆಚ್ಚುಕಡಿಮೆ ಅಷ್ಟು. ನಮ್ಮ ಎರಡನೇ ಪಟ್ಟಿಯಲ್ಲಿ ಒಂಟಿ ಹೆಸರು ಐದು, ಜನ ನೂರು. ಹಾಗಾಗಿ ನೂರಕ್ಕೆ ಐದು. ಪಟ್ಟಿ ಶೇ 95ರಷ್ಟು ಪೂರ್ಣ ಅನ್ನಬಹುದು. ಎಷ್ಟು ಸರಳ! ಕಾಣದೇ ಇರುವುದರ ಸುಳಿವು ಒಂದೇ ಒಂದು ಸಲ ಕಂಡವುಗಳಲ್ಲಿ ಅಡಗಿದೆ.

ಗಾತ್ರ ಸಮ ಮಾಡುವ ಬದಲು ಈ ಪೂರ್ಣತೆಯನ್ನು ಸಮ ಮಾಡಿ ಹೋಲಿಸುವುದು ಇನ್ನೂ ನ್ಯಾಯವಾದ ದಾರಿ. ಇದನ್ನು 2012ರಲ್ಲಿ ಚಾವ್ ಮತ್ತು ಜೋಸ್ಟ್ ತೋರಿಸಿದರು. ನನ್ನ ಮತವೂ ಇದಕ್ಕೇ. ನೂರು ಜನರ ಪಟ್ಟಿ ಒಂದು ಕಡೆ ಬಹುತೇಕ ಎಲ್ಲ ಹೆಸರನ್ನೂ ಹಿಡಿದಿರಬಹುದು, ಇನ್ನೊಂದು ಕಡೆ ಬರೀ ತುದಿಯನ್ನು ಮುಟ್ಟಿರಬಹುದು.

ಒಟ್ಟು ಎಷ್ಟು ಹೆಸರು ಇರಬಹುದು ಎಂಬ ಅಂದಾಜಿಗೆ 1984ರಲ್ಲಿ ಆನ್ ಚಾವ್ ಕೊಟ್ಟ ಸೂತ್ರ ಬಳಸಿ. ಒಂಟಿ ಹೆಸರುಗಳ ಸಂಖ್ಯೆಯ ವರ್ಗವನ್ನು, ಇಬ್ಬರಿಗಷ್ಟೇ ಇರುವ ಹೆಸರುಗಳ ಸಂಖ್ಯೆಯ ಎರಡರಷ್ಟರಿಂದ ಭಾಗಿಸಿ, ಕಂಡ ಹೆಸರುಗಳಿಗೆ ಕೂಡಿಸಿ. ನಮ್ಮಲ್ಲಿ 25ನ್ನು 4ರಿಂದ ಭಾಗಿಸಿದರೆ 6.25. ಕಂಡದ್ದು 10, ಸೇರಿಸಿದರೆ ಸುಮಾರು 16. ಇದು ಕನಿಷ್ಠ ಅಂದಾಜು. ನಿಜ ಸಂಖ್ಯೆ ಇದಕ್ಕಿಂತ ಜಾಸ್ತಿ ಇರಬಹುದು.

ಮೂರನೇ ಹೆಜ್ಜೆ ನೆನಪಿದೆಯಾ? ಐದಕ್ಕಿಂತ ಕಡಿಮೆ ಇರುವುದನ್ನು ಕತ್ತರಿಸಿದ ಪಟ್ಟಿಯಲ್ಲಿ ಒಂಟಿ ಹೆಸರೇ ಇಲ್ಲ. ಅಲ್ಲಿ ಟ್ಯೂರಿಂಗ್ ಲೆಕ್ಕ ಹಾಕಿದರೆ ಪಟ್ಟಿ ಶೇ 100 ಪೂರ್ಣ ಅಂತ ಸುಳ್ಳು ಉತ್ತರ ಬರುತ್ತದೆ. ಅಂಥ ದತ್ತಾಂಶಕ್ಕೆ ತಿರುಪು 2ರ ಸಂಖ್ಯೆಯನ್ನೇ ನಂಬಿ. ಅಪರೂಪದ ಹೆಸರುಗಳು ಬಿಟ್ಟುಹೋದರೂ ಅದು ಹೆಚ್ಚು ಅಲುಗಾಡುವುದಿಲ್ಲ. ಉದಾಹರಣೆಗೆ ಅದೇ ಅಮೆರಿಕದ ಪಟ್ಟಿಯಲ್ಲಿ 1880ರ ಗಂಡು ಮಕ್ಕಳಲ್ಲಿ ಜಾನ್ ಶೇ 8ಕ್ಕೂ ಜಾಸ್ತಿ ಇತ್ತು. ಈಚಿನ ವರ್ಷಗಳಲ್ಲಿ ಮೊದಲ ಸ್ಥಾನದ ಲಿಯಾಮ್ ಶೇ 1ರ ಆಸುಪಾಸು. ಈ ಬದಲಾವಣೆ ಕಾಣಲು ಒಂಟಿ ಹೆಸರುಗಳ ಅಗತ್ಯವೇ ಇಲ್ಲ.

ಸಂಖ್ಯಾಶಾಸ್ತ್ರದ ಲೆಕ್ಕಗಳಿಗೆ ಬಳಸುವ ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ವೇಗನ್ ಮತ್ತು ಐನೆಕ್ಸ್ಟ್ ಎಂಬ ಉಚಿತ ಪ್ಯಾಕೇಜ್‌ಗಳಿವೆ. ಈ ಹೆಜ್ಜೆಯ ಬಹುತೇಕ ಕೆಲಸ ಅವು ಮಾಡುತ್ತವೆ. ಅಂದಾಜಿನ ಜೊತೆಗೆ ತಪ್ಪಿನ ಅಂಚನ್ನೂ ಕೊಡುತ್ತವೆ. ಆದರೆ ಮೊದಲ ಪಟ್ಟಿಯನ್ನು ದಯವಿಟ್ಟು ಕೈಯಾರೆ ಮಾಡಿ.

ಹೆಜ್ಜೆ 7: ಎರಡು ಪಟ್ಟಿಗಳು ಎಷ್ಟು ಬೇರೆ

ಇದುವರೆಗಿನ ಅಳತೆಗಳಿಗೆ ಒಂದು ಕುರುಡು ಇದೆ. ಯಾವ ಹೆಸರು ಎಂಬುದು ಅವಕ್ಕೆ ಗೊತ್ತಿಲ್ಲ. ಐವತ್ತು ವರ್ಷದಲ್ಲಿ ಎಲ್ಲ ಹೆಸರೂ ಬದಲಾಗಿ, ಹಂಚಿಕೆ ಮಾತ್ರ ಹಾಗೇ ಉಳಿದಿದ್ದರೆ ಮೂರೂ ಸಂಖ್ಯೆ ಅಲುಗಾಡುವುದಿಲ್ಲ. ಅದಕ್ಕೆ ಪಟ್ಟಿಗಳ ನಡುವಿನ ಅಂತರವನ್ನು ಬೇರೆಯಾಗಿ ಅಳೆಯಬೇಕು.

ಸ್ವಿಟ್ಜರ್ಲೆಂಡಿನ ಸಸ್ಯವಿಜ್ಞಾನಿ ಜಕಾರ್ಡ್ 1901ರಲ್ಲಿ ಆಲ್ಪ್ಸ್ ಗಿಡಗಳಿಗೆ ಬಳಸಿದ ಲೆಕ್ಕ ತುಂಬ ಸರಳ. ಎರಡರಲ್ಲೂ ಇರುವ ಹೆಸರುಗಳನ್ನು, ಎರಡರಲ್ಲಿ ಯಾವುದರಲ್ಲಾದರೂ ಇರುವ ಒಟ್ಟು ಹೆಸರುಗಳಿಂದ ಭಾಗಿಸಿ. ನಮ್ಮ ಪಟ್ಟಿಗಳಲ್ಲಿ ಅನ್ನಾ, ಸಾರಾ, ಮೀರಾ ಎರಡು ಕಡೆಯೂ ಇವೆ. ಎರಡನೇ ಪಟ್ಟಿಯಲ್ಲಿ ಲೀನಾ, ನೀನಾ ಇಲ್ಲ ಅಂತ ಇಟ್ಟುಕೊಂಡರೆ ಒಟ್ಟು 12 ಹೆಸರು. 3 ಭಾಗ 12, ಅಂದರೆ 0.25.

ಜಕಾರ್ಡ್ ಲೆಕ್ಕಕ್ಕೆ ಎಣಿಕೆ ಬೇಡ, ಇದೆಯಾ ಇಲ್ಲವಾ ಅಷ್ಟೇ. ಬ್ರೇ ಮತ್ತು ಕರ್ಟಿಸ್ 1957ರಲ್ಲಿ ಕೊಟ್ಟ ಅಳತೆ ಎಣಿಕೆಯನ್ನೂ ನೋಡುತ್ತದೆ. ಪ್ರತಿ ಹೆಸರಿಗೆ ಎರಡು ಪಟ್ಟಿಗಳಲ್ಲಿ ಚಿಕ್ಕ ಎಣಿಕೆಯನ್ನು ತೆಗೆದುಕೊಳ್ಳಿ: 20, 20, 11. ಒಟ್ಟು 51. ತಲಾ ನೂರು ಜನ ಇರುವುದರಿಂದ ಹೋಲಿಕೆ 0.51, ಅಂತರ 0.49. ಹೆಸರುಗಳ ಪಟ್ಟಿ ನೋಡಿದರೆ ಕಾಲು ಭಾಗ ಹೋಲಿಕೆ. ಜನರನ್ನು ನೋಡಿದರೆ ಅರ್ಧ ಹೋಲಿಕೆ. ಗಾತ್ರ ಬೇರೆ ಇರುವ ಪಟ್ಟಿಗಳಿಗೆ ಎಣಿಕೆಯ ಬದಲು ಪಾಲನ್ನೇ ಬಳಸಿ.

ಮೂರನೇ ದಾರಿ ವಿಟೇಕರ್ ಅವರದ್ದು, 1960ರ ಸುಮಾರಿನದು. ಒಂದೊಂದು ಪಟ್ಟಿಯ ಒಳಗಿನ ವೈವಿಧ್ಯ ಆಲ್ಫಾ. ಎಲ್ಲ ಸೇರಿಸಿದ ಪಟ್ಟಿಯ ವೈವಿಧ್ಯ ಗಾಮಾ. ಗಾಮಾವನ್ನು ಆಲ್ಫಾದಿಂದ ಭಾಗಿಸಿದರೆ ಬೀಟಾ. ನಮ್ಮ ಎರಡೂ ಪಟ್ಟಿಗಳನ್ನು ಸೇರಿಸಿ ತಿರುಪು 1ರ ಲೆಕ್ಕ ಹಾಕಿದರೆ ಗಾಮಾ 5.27. ಎರಡರ ಎಂಟ್ರೊಪಿಗಳ ಸರಾಸರಿಗೆ ಇಎಕ್ಸ್‌ಪಿ ಹಾಕಿದರೆ ಆಲ್ಫಾ 4.19. ಬೀಟಾ 1.26. ಎರಡೂ ಪಟ್ಟಿ ಒಂದೇ ಆಗಿದ್ದರೆ 1 ಬರುತ್ತಿತ್ತು. ಒಂದೂ ಹೆಸರು ಹಂಚಿಕೊಳ್ಳದಿದ್ದರೆ 2 ಬರುತ್ತಿತ್ತು. ನನಗೆ ಇದೇ ಇಷ್ಟ, ಯಾಕೆಂದರೆ ಹತ್ತಾರು ಪಟ್ಟಿಗಳಿಗೂ ಒಂದೇ ಸಲ ಹಾಕಬಹುದು. ಮೂವತ್ತು ಪಟ್ಟಿಗಳ ಬೀಟಾ 3 ಬಂದರೆ, ಪೂರ್ತಿ ಬೇರೆಯಾದ ಮೂರು ಪಟ್ಟಿಗಳಷ್ಟು ವ್ಯತ್ಯಾಸ ಮಾತ್ರ ಅವುಗಳ ನಡುವೆ ಇದೆ ಅಂತ ತಿಳಿಯುತ್ತದೆ.

ಕಾಗುಣಿತದ ಜಗಳ ಇನ್ನೂ ಕಾಡುತ್ತಿದ್ದರೆ 2012ರಲ್ಲಿ ಲೈನ್‌ಸ್ಟರ್ ಮತ್ತು ಕಾಬ್ಬೋಲ್ಡ್ ಕೊಟ್ಟ ವಿಧಾನ ನೋಡಿ. ಎರಡು ಹೆಸರು ಒಂದೇ ಅಥವಾ ಬೇರೆ ಅಂತ ಕಡ್ಡಿ ಮುರಿದ ಹಾಗೆ ಹೇಳುವ ಬದಲು, ಅವು 0ಯಿಂದ 1ರ ನಡುವೆ ಎಷ್ಟು ಹೋಲುತ್ತವೆ ಅಂತ ಹೇಳಬಹುದು. ಅವರ ವಿಧಾನದಲ್ಲಿ ಹಿಲ್ ಸಂಖ್ಯೆ ಆ ಹೋಲಿಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೋಲಿಕೆಯನ್ನು ಹೇಗೆ ಅಳೆದಿರಿ ಎಂಬುದನ್ನು ಮಾತ್ರ ತಪ್ಪದೇ ಬರೆಯಿರಿ.

ಹೆಜ್ಜೆ 8: ಅರ್ಥ ಹೇಳುವಾಗ

ಹೆಸರಿಗೂ ಪ್ರಭೇದಕ್ಕೂ ನಾವು ಮಾಡಿದ ಹೋಲಿಕೆ ಎಲ್ಲಿ ಮುರಿಯುತ್ತದೆ ಅಂತ ತಿಳಿದಿರಬೇಕು. ಮನೆತನದ ಹೆಸರುಗಳಲ್ಲಿ ಸಿಂಪ್ಸನ್ ಲೆಕ್ಕಕ್ಕೆ ತಳಿಶಾಸ್ತ್ರದ ನೆಂಟಸ್ತಿಕೆ ಇದೆ. ಒಂದೇ ಮನೆತನದ ಹೆಸರಿನವರ ನಡುವಿನ ಮದುವೆಗಳನ್ನು ಎಣಿಸಿ, 1875ರಲ್ಲಿ ಜಾರ್ಜ್ ಡಾರ್ವಿನ್ ಇಂಗ್ಲೆಂಡಿನಲ್ಲಿ ಹತ್ತಿರದ ಸಂಬಂಧದೊಳಗಿನ ಮದುವೆ ಎಷ್ಟು ಅಂತ ಅಂದಾಜು ಮಾಡಿದರು. ಅವರು ಚಾರ್ಲ್ಸ್ ಡಾರ್ವಿನ್ ಅವರ ಮಗ. 1965ರಲ್ಲಿ ಕ್ರೋ ಮತ್ತು ಮ್ಯಾಂಜ್ ಒಳಸಂಬಂಧದ ಪ್ರಮಾಣಕ್ಕೆ (ಮಗುವಿಗೆ ಒಂದೇ ಪೂರ್ವಜರ ವಂಶವಾಹಿ ತಂದೆ, ತಾಯಿ ಎರಡೂ ಕಡೆಯಿಂದ ಬರುವ ಸಾಧ್ಯತೆಗೆ) ಸೂತ್ರ ಕೊಟ್ಟರು: ಒಂದೇ ಹೆಸರಿನವರ ನಡುವಿನ ಮದುವೆಗಳ ಪಾಲಿನ ಕಾಲು ಭಾಗ. ಆದರೆ ಒಂದೇ ಹೆಸರಿನವರೆಲ್ಲ ಒಂದೇ ಮೂಲದವರು ಎಂಬ ನಂಬಿಕೆ ಇದರ ಹಿಂದಿದೆ. ಸ್ಮಿತ್ ಅಂದರೆ ಕಮ್ಮಾರ. ಕಮ್ಮಾರರು ಎಲ್ಲ ಊರಲ್ಲೂ ಇದ್ದರು. ಆ ಹೆಸರು ನೂರಾರು ಕಡೆ ಬೇರೆ ಬೇರೆಯಾಗಿ ಹುಟ್ಟಿತು. ಅಂಥ ಕಡೆ ಈ ಸೂತ್ರ ಸಂಬಂಧವನ್ನು ಉಬ್ಬಿಸಿ ತೋರಿಸುತ್ತದೆ.

ಇಟ್ಟ ಹೆಸರುಗಳಿಗೆ ಬಂದರೆ, 2003ರಲ್ಲಿ ಹಾನ್ ಮತ್ತು ಬೆಂಟ್ಲಿ ಅಮೆರಿಕದ ಮಕ್ಕಳ ಹೆಸರುಗಳನ್ನು ನೋಡಿದರು. ಒಬ್ಬರನ್ನೊಬ್ಬರು ಸುಮ್ನೆ ನಕಲು ಮಾಡುವುದು, ಆಗೊಮ್ಮೆ ಈಗೊಮ್ಮೆ ಹೊಸದೊಂದು ಹುಟ್ಟುವುದು, ಇಷ್ಟೇ ಇದ್ದರೂ ಅದೇ ಥರದ ಹಂಚಿಕೆ ಬರುತ್ತದೆ ಅಂತ ತೋರಿಸಿದರು. ಹಾಗಾಗಿ ನಿಮ್ಮ ಗೆರೆಯಲ್ಲಿ ಒಂದು ಏರಿಳಿತ ಕಂಡ ತಕ್ಷಣ ಅದಕ್ಕೆ ಸಿನಿಮಾ ನಟರನ್ನೋ ರಾಜಕೀಯವನ್ನೋ ಕಾರಣ ಮಾಡಬೇಡಿ. ಬರೀ ನಕಲಿನಿಂದ ಅಷ್ಟು ಏರಿಳಿತ ಬರಬಹುದಾ ಅಂತ ಮೊದಲು ನೋಡಿ. ಕಂಪ್ಯೂಟರ್‌ನಲ್ಲಿ ಆ ಆಟವನ್ನು ಆಡಿಸಿ ನೋಡುವುದು ಕಷ್ಟವಲ್ಲ.

ಕಾಡಿನಲ್ಲಿ ವೈವಿಧ್ಯ ಜಾಸ್ತಿ ಅಂದರೆ ಒಳ್ಳೆಯದು ಅಂತ ಸಾಮಾನ್ಯವಾಗಿ ಅಂದುಕೊಳ್ಳುತ್ತೇವೆ. ಹೆಸರುಗಳಿಗೆ ಆ ಮಾತನ್ನು ಹಚ್ಚಬೇಡಿ. ನೂರು ಜನ ಒಂದೇ ಹೆಸರು ಇಟ್ಟುಕೊಂಡಿದ್ದರೆ ಅಲ್ಲಿ ಏನೋ ಕೊರತೆ ಇದೆ ಎಂದಲ್ಲ. ಹಿರಿಯರ ನೆನಪನ್ನು ಉಳಿಸಿಕೊಳ್ಳುವ ದಾರಿ ಅದಾಗಿರಬಹುದು.

ಪ್ರಕಟಿಸುವ ಮೊದಲು

ಕೋಷ್ಟಕದಲ್ಲಿ ಇಷ್ಟು ಇರಲಿ: ಜನರ ಸಂಖ್ಯೆ, ತಿರುಪು 0, 1, 2ರ ಹಿಲ್ ಸಂಖ್ಯೆಗಳು, ಪೂರ್ಣತೆಯ ಶೇಕಡಾವಾರು, ಕತ್ತರಿಸಿದ ಗೆರೆ ಇದ್ದರೆ ಅದು, ಕಾಗುಣಿತಗಳನ್ನು ಸೇರಿಸಿದ ನಿಯಮ. ಇಷ್ಟಿದ್ದರೆ ಬೇರೆಯವರು ತಮ್ಮ ಪಟ್ಟಿಯನ್ನು ನಿಮ್ಮದರ ಪಕ್ಕ ಇಟ್ಟು ನೋಡಬಹುದು.

ಒಂಟಿ ಹೆಸರುಗಳ ಪಟ್ಟಿಯನ್ನು ಮಾತ್ರ ಹೊರಗೆ ಬಿಡಬೇಡಿ. ಅಪರೂಪದ ಚಿಟ್ಟೆಯ ಚಿತ್ರ ಹಾಕಿದರೆ ಚಿಟ್ಟೆಯ ಖಾಸಗಿತನ ಹೋಗುವುದಿಲ್ಲ. ಒಂದೇ ಒಂದು ಸಲ ಬರುವ ಹೆಸರು ಅಂದರೆ ಅದು ಒಬ್ಬ ನಿಜ ವ್ಯಕ್ತಿ. ವರ್ಷ, ಜಾಗ ಎರಡೂ ಜೊತೆಗಿದ್ದರೆ ಅವರನ್ನು ಹುಡುಕಲು ಯಾರಿಗೂ ಐದು ನಿಮಿಷ ಬೇಡ. ಎಷ್ಟು ಒಂಟಿ ಹೆಸರು ಇವೆ ಎಂಬ ಸಂಖ್ಯೆ ಕೊಡಿ. ಹೆಸರುಗಳು ನಿಮ್ಮ ಫೈಲಿನಲ್ಲೇ ಇರಲಿ.